ಒಂದೇ ದಿನ ಹೊಟ್ಟೆ ಕೊಯ್ಸಿಕೊಂಡವರು

ನಾಗಲಕ್ಷ್ಮಿಗೂ ಚಂದ್ರವ್ವನಿಗೂ ಗೆಳೆತನ ಹುಟ್ಟಿದ್ದು ಕೊಬ್ಬಿನಿಂದ. ಹೀಗೆ ಹೇಳಿದರೆ ಒರಟಾಯಿತು ಎನ್ನುವವರು ಅನ್ನಲಿ. ಅವರಿಬ್ಬರೂ ಇದನ್ನೇ ಹೇಳಿಕೊಂಡು ವರ್ಷಗಟ್ಟಲೆ ನಕ್ಕಿದ್ದರು. ಒಂಬತ್ತು ವರ್ಷದ ಹಿಂದೆ ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ, ಒಂದೇ ಬೆಳಿಗ್ಗೆ, ಒಬ್ಬರೇ ಡಾಕ್ಟರ ಕೈಯಲ್ಲಿ ಇಬ್ಬರೂ ಹೊಟ್ಟೆ ಕೊಯ್ಸಿಕೊಂಡರು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಸಣ್ಣದಾಗಿ ಹೊಲಿದು ಬಿಡುವ ಆಪರೇಷನ್ ಅದು. ಎಚ್ಚರವಾದಾಗ ಪಕ್ಕದ ಮಂಚದಲ್ಲಿ ತನ್ನಷ್ಟೇ ದೊಡ್ಡ ಹೆಂಗಸೊಬ್ಬಳು ನರಳುತ್ತಿರುವುದನ್ನು ಕಂಡು ನಾಗಲಕ್ಷ್ಮಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಜೀವಮಾನವಿಡೀ ಯಾವ ಕೋಣೆಗೆ ಹೋದರೂ ಅಲ್ಲಿಯ ಅತಿ ದಪ್ಪದ ಹೆಂಗಸು ತಾನೇ ಆಗಿದ್ದವಳಿಗೆ ಆ ದಿನ ಜೊತೆ ಸಿಕ್ಕಿತು.

ನಾಗಲಕ್ಷ್ಮಿ ಅಟ್ಟೂರಿನ ಹಳೇ ಒಕ್ಕಲು ಮನೆತನದ ಸೊಸೆ. ಮಾವ ಚಿಕ್ಕಹನುಮಯ್ಯ ರಾಗಿ ಬೆಳೆದ ಹೊಲದಲ್ಲಿ ಗಂಡ ನಾಗಭೂಷಣ ಅಪಾರ್ಟ್‌ಮೆಂಟ್ ಬೆಳೆಯುತ್ತಾನೆ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮದುವೆ ಮನೆಗೆ ಹೋಗಲು ಮಾತ್ರ ಅವನಿಗೆ ನಾಚಿಕೆ. "ನೀನು ಇನ್ನೊಂದು ಕಾರಲ್ಲಿ ಬಾ ಕಣೆ, ಇದರ ಟೈರು ಮೊನ್ನೆ ತಾನೇ ಆಕ್ಸಿವ್ನಿ" ಎನ್ನುವುದು ಅವನ ಹಾಸ್ಯ. ಅದಕ್ಕೆ ಮನೆಮಂದಿಯೆಲ್ಲ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಚಂದ್ರವ್ವ ಗದಗಿನ ಕಡೆಯವಳು, ಯಲಹಂಕದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಗಂಡ ವೀರಬಸಪ್ಪ ಹರ್ನಿಯಾ ಆಪರೇಷನ್ನಿಗೆಂದು ಮಲಗಿದವನು ಮತ್ತೆ ಏಳಲಿಲ್ಲ. ಇರುವವನು ಒಬ್ಬನೇ ಮಗ, ಸಿದ್ದಲಿಂಗ. ಅಪ್ಪನ ಜೀವ ತೆಗೆದಂಥದೇ ಟೇಬಲ್ಲಿನ ಮೇಲೆ ಅವ್ವನೂ ಮಲಗಿದಳೆಂದು ಅವನು ಆಸ್ಪತ್ರೆಯ ವರಾಂಡದಲ್ಲಿ ಬಾಯಿಗೆ ಟವೆಲ್ ತುರುಕಿಕೊಂಡು ಅತ್ತಿದ್ದ. ಬದುಕಿ ಹೊರಬಂದ ಚಂದ್ರವ್ವ ಅವನ ತಲೆಯ ಮೇಲೆ ಕೈಯಿಟ್ಟು, ಇನ್ನು ಏನೇ ಆದರೂ ಆಪರೇಷನ್ ಟೇಬಲ್ ಹತ್ತುವುದಿಲ್ಲ ಎಂದು ಆಣೆ ಮಾಡಿದಳು. ಆಗ ಪಕ್ಕದಲ್ಲೇ ನಿಂತಿದ್ದವಳು ನಾಗಲಕ್ಷ್ಮಿ.

ಆಮೇಲಿನ ವರ್ಷಗಳಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಕಂಡವರೇ ಕಡಿಮೆ. ನ್ಯೂಟೌನಿನ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ತರಿಸಿ, ಇಬ್ಬರೂ ತಿಂದು, ಇನ್ನೂ ಅರ್ಧ ಉಳಿಸಿ ಏಳುತ್ತಿದ್ದರು. ಅವಸರದಲ್ಲಿ ಒಂದು ತುತ್ತು ಹೆಚ್ಚಾದರೂ ಎದೆಯಲ್ಲಿ ಸಿಕ್ಕಿಹಾಕಿಕೊಂಡು ವಾಂತಿಯಾಗುತ್ತಿತ್ತು. ಆಗ ಒಬ್ಬಳು ಬಚ್ಚಲಲ್ಲಿ ಬಗ್ಗಿದರೆ ಇನ್ನೊಬ್ಬಳು ಬಾಗಿಲಿಗೆ ಅಡ್ಡ ನಿಂತು, ಬಂದವರಿಗೆಲ್ಲ "ನೀರಿಲ್ಲ, ನೀರಿಲ್ಲ" ಎಂದು ಸುಳ್ಳು ಹೇಳಿ ಕಳಿಸುತ್ತಿದ್ದಳು. ಕೂದಲು ಉದುರಿದಾಗ ಒಬ್ಬರ ನೆತ್ತಿ ಒಬ್ಬರು ನೋಡಿಕೊಂಡರು. ಖಾಲಿ ಚೀಲದ ಹಾಗೆ ಜೋತುಬಿದ್ದ ಹೊಟ್ಟೆಯ ಚರ್ಮವನ್ನು ನಾಗಲಕ್ಷ್ಮಿ ಗಂಡನಿಗೆ ತೋರಿಸಿರಲಿಲ್ಲ, ಚಂದ್ರವ್ವನಿಗೆ ತೋರಿಸಿದ್ದಳು. ಆಪರೇಷನ್ನಿನ ಆ ಪುಟ್ಟ ಗಾಯದ ಗುರುತುಗಳು ಯಾರ ಹೊಟ್ಟೆಯ ಮೇಲೆ ಎಲ್ಲೆಲ್ಲಿವೆ ಎಂಬುದು ಇಬ್ಬರಿಗೂ ಬಾಯಿಪಾಠ. ಇಂಥ ಸಲುಗೆ ಅಕ್ಕತಂಗಿಯರಲ್ಲೂ ಇರುವುದಿಲ್ಲ.

ವರ್ಷಕ್ಕೊಮ್ಮೆ, ಆಪರೇಷನ್ ಆದ ದಿನ, ಇಬ್ಬರೂ ಆರ್.ಟಿ. ನಗರದ ಜಮೀರನ ಗುಜರಿ ಅಂಗಡಿಗೆ ಹೋಗಿ ತೂಕ ನೋಡಿಸಿಕೊಳ್ಳುತ್ತಿದ್ದರು. ಇದರ ಹಿಂದೆ ಒಂದು ಕಥೆಯಿದೆ. ಮನೆಯ ತೂಕದ ಮೆಷಿನ್ ನಾಗಲಕ್ಷ್ಮಿಯನ್ನು ಹೊರಲಾರದೆ ಅಡ್ಡಗೆರೆ ತೋರಿಸುತ್ತಿದ್ದ ಕಾಲದಲ್ಲಿ, ನಾಗಭೂಷಣ ಒಮ್ಮೆ ಹಳೇ ಕಬ್ಬಿಣ ಮಾರಲು ಹೋದವನು ಅವಳನ್ನೂ ಅದೇ ತಕ್ಕಡಿಯ ಮೇಲೆ ಹತ್ತಿಸಿ ನೋಡಿದ್ದ. ಇಳಿಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಕೇಳಿದ ಚಂದ್ರವ್ವನೇ, "ಅಲ್ಲೇ ಹೋಗೂಣು ನಡಿಯವಾ, ಅದ ತಕ್ಕಡಿ ಮ್ಯಾಲ ನಿಂತು ನಗೂಣು" ಎಂದು ಕರೆದುಕೊಂಡು ಹೋದಳು. ನಕ್ಕರು ಕೂಡ. ಜಮೀರ್ ಮುಳ್ಳು ನೋಡಿ ಅವರಿಗೆ ಮಾತ್ರ ಕೇಳುವ ಹಾಗೆ ತೂಕ ಹೇಳಿ, ಮುಖ ಆ ಕಡೆ ತಿರುಗಿಸುತ್ತಿದ್ದ.

ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಸಿಕೊಂಡವರ ಸಭೆ ನಡೆಯುತ್ತಿತ್ತು. ನಡೆಸುವವಳು ಗೌಹರ್ ಎಂಬ ಡಯಟೀಶಿಯನ್. ಅವಳು ಮಾತು ಮುಗಿಸುವ ಮೊದಲು ಪ್ರತಿ ಸಲ ಎಲ್ಲರಿಂದ ಒಂದು ಪಾಠ ಹೇಳಿಸುತ್ತಿದ್ದಳು. ಈ ಆಪರೇಷನ್ ಆದವರಿಗೆ ವಾರಗಟ್ಟಲೆ ವಾಂತಿಯಾದರೆ ಮೈಯಲ್ಲಿರುವ ಬಿ-ಒನ್ ವಿಟಮಿನ್ ಬರಿದಾಗುತ್ತದೆ. ಕಣ್ಣಿಗೆ ಎರಡೆರಡು ಕಾಣುತ್ತದೆ, ಕಾಲು ತಡವರಿಸುತ್ತದೆ. ಅಂಥ ಮೈಗೆ ಮೊದಲು ಗ್ಲೂಕೋಸ್ ಹಾಕಿದರೆ ಉಳಿದ ಚೂರೂ ಸುಟ್ಟುಹೋಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. "ಡಾಕ್ಟರಿಗೆ ಗೊತ್ತಿರುತ್ತೆ ಅಂತ ಸುಮ್ನೆ ಕೂರಬೇಡಿ. ಸಣ್ಣ ನರ್ಸಿಂಗ್ ಹೋಮಲ್ಲಿ ಬಾಟಲಿ ಹಿಡ್ಕೊಂಡು ಬಂದ್ರೆ ಏನ್ ಹೇಳ್ತೀರಾ?" ಎಂದು ಗೌಹರ್ ಕೇಳಿದರೆ ಇಡೀ ಸಭೆ, "ಮೊದಲು ಬಿ-ಒನ್, ಆಮೇಲೆ ಗ್ಲೂಕೋಸ್!" ಎಂದು ಕೂಗಬೇಕು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಇವರಿಬ್ಬರೇ.

ಹೊಲಿದ ಜಠರಕ್ಕೂ ಹಿಗ್ಗುವ ಬುದ್ಧಿ ಇದೆ. ಕೊರೋನಾ ಬಂದು ಎಲ್ಲರನ್ನೂ ಮನೆಯಲ್ಲಿ ಕೂರಿಸಿತು, ಕೂತವರು ತಿಂದರು. ನಾಗಲಕ್ಷ್ಮಿ ಅನ್ನ ತಿನ್ನಲಾಗದ ಹೊಟ್ಟೆಗೆ ಐಸ್‌ಕ್ರೀಮು, ಹೋಳಿಗೆಯ ಹಾಲು, ಬಿಸ್ಕತ್ತು ನೆನೆಸಿದ ಕಾಫಿ ಇಳಿಸುವ ಉಪಾಯ ಕಲಿತಳು. ಕರಗುವುದೆಲ್ಲ ಸಲೀಸಾಗಿ ಇಳಿಯುತ್ತಿತ್ತು. ಚಂದ್ರವ್ವನೂ ಕಲಿತಳು, ಸ್ವಲ್ಪ ನಿಧಾನವಾಗಿ. ಇಬ್ಬರೂ ಜೊತೆಗೇ ಊದುತ್ತಿದ್ದಷ್ಟು ದಿನ ಗೆಳೆತನಕ್ಕೆ ಯಾವ ಧಕ್ಕೆಯೂ ಬರಲಿಲ್ಲ. "ನಿಂದೇನೇ ಚಂದ್ರಿ, ನನ್ನ ಅರ್ಧ ಇದ್ದೀಯ" ಎಂದು ನಾಗಲಕ್ಷ್ಮಿ, "ಸುಮ್ಮನಿರವಾ, ನನ್ನ ಸೀರಿಗೆ ನೆರಿಗಿ ಎಷ್ಟು ಉಳದಾವ ಎಣಸು" ಎಂದು ಚಂದ್ರವ್ವ.

ಈ ವರ್ಷ ಹಾಸ್ಟೆಲಿಗೆ ರಜೆ ಬಿಟ್ಟಾಗ ಚಂದ್ರವ್ವ ಗದಗಿನ ತಂಗಿಯ ಮನೆಗೆಂದು ಹೋದಳು. ತಿಂಗಳು ಕಳೆದು ಬಂದಾಗ ಮುಖ ಇಳಿದಿತ್ತು. ಮತ್ತೆ ಸ್ವಲ್ಪ ದಿನಕ್ಕೆ ರವಿಕೆಯ ತೋಳು ಸಡಿಲವಾಯಿತು, ಕುತ್ತಿಗೆಯ ಮೂಳೆ ಕಂಡಿತು. ಏನು ಮಾಡಿದೆ ಎಂದು ನಾಗಲಕ್ಷ್ಮಿ ದುಂಬಾಲು ಬಿದ್ದಳು.

"ನವಣಿ ಗಂಜಿ ಕುಡಿಯಾಕ್ಹತ್ತೀನಿ. ಮುಂಜಾನೆ ಸಂಜಿ ಕೆರಿ ಸುತ್ತ ನಡೀತೀನಿ. ಅಷ್ಟ."

ನಾಗಲಕ್ಷ್ಮಿ ಅಂದೇ ನವಣೆ ತರಿಸಿದಳು. ಎರಡು ಹೊತ್ತು ಗಂಜಿ ಕುಡಿದು ಅಟ್ಟೂರು ಕೆರೆಯ ದಂಡೆಯಲ್ಲಿ ನಡೆದು, ಒಂದು ದಿನ ತಲೆ ತಿರುಗಿ ಕಲ್ಲುಬೆಂಚಿನ ಮೇಲೆ ಕುಸಿದಳು. ಮಂಡಿ ಊದಿಕೊಂಡಿತು. ತೂಕ ಮಾತ್ರ ಮುನಿಸಿಕೊಂಡವರ ಹಾಗೆ ಕೂತಲ್ಲೇ ಕೂತಿತು. ಚಂದ್ರವ್ವನಿಗೆ ಆಗಿದ್ದು ತನಗೆ ಯಾಕೆ ಆಗುತ್ತಿಲ್ಲ ಎಂದು ಅವಳು ದೇವರ ಕೋಣೆಯಲ್ಲಿ ಕೂತು ಅತ್ತಳು. ಅತ್ತದ್ದನ್ನು ಚಂದ್ರವ್ವನಿಗೇ ಹೇಳಿಕೊಂಡಳು. ಚಂದ್ರವ್ವ ಅವಳ ಬೆನ್ನು ಸವರಿ, "ಗಂಜಿಗೆ ಉಪ್ಪು ಹಾಕಬ್ಯಾಡ ನೋಡು" ಎಂದಳು.

ಆ ತಿಂಗಳ ಸಭೆಯಲ್ಲಿ ಗೌಹರ್ ಚಂದ್ರವ್ವನನ್ನು ಮುಂದೆ ಕರೆದು ನಿಲ್ಲಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಟ್ಟೇನೆಂದು ಯಾರೋ ಕೇಳಿದರು.

"ಗುಟ್ಟೇನ್ ಬಂತ್ರಿ, ಬಾಯಿ ಕಟ್ಟಬೇಕು" ಎಂದಳು ಚಂದ್ರವ್ವ. ಚಪ್ಪಾಳೆ ಅವಳ ನೆತ್ತಿಗೇರಿತ್ತು. "ನಮ್ಮ ಲಕ್ಷ್ಮಿನ್ನ ನೋಡ್ರಿ. ಹೊಟ್ಟಿ ಕೊಯ್ಸಿಕೊಂಡ್ಲು, ನಾಲಿಗಿ ಕೊಯ್ಸಿಕೊಳ್ಳಾಕ ಮರತ್ಲು."

ಸಭೆಗೆ ಸಭೆಯೇ ನಕ್ಕಿತು. ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದ ಗೌಹರಳೂ ನಕ್ಕಳು. ನಾಗಲಕ್ಷ್ಮಿ ಗಂಡನ ಹಾಸ್ಯಕ್ಕೆ ನಗುವ ಹಾಗೆ ಇಲ್ಲೂ ನಕ್ಕಳು. ಆದರೆ ಗಂಡನ ಮಾತು ಅವಳಿಗೆ ಎಂದೂ ಹೀಗೆ ನಾಟಿರಲಿಲ್ಲ. ಆತ ಯಾವತ್ತೂ ಅವಳ ಪಕ್ಷದಲ್ಲಿ ಇದ್ದವನಲ್ಲವಲ್ಲ.

ವರ್ಷದ ತೂಕಕ್ಕೆ ಆರ್.ಟಿ. ನಗರಕ್ಕೆ ಹೋದಾಗಲೂ ಹಾಗೇ ಆಯಿತು. ಚಂದ್ರವ್ವ ಹುಡುಗಿಯ ಹಾಗೆ ಟಣ್ಣನೆ ತಕ್ಕಡಿ ಹತ್ತಿ ಇಳಿದಳು. ನಾಗಲಕ್ಷ್ಮಿಯ ಸರದಿ ಬಂದಾಗ ಮುಳ್ಳು ನೂರು ದಾಟಿ ಹೋಯಿತು. "ದೀದಿ, ಮಳೇಲಿ ನೆಂದು ತಕ್ಕಡಿ ಸ್ವಲ್ಪ ಜಾಸ್ತಿ ತೋರಿಸ್ತದೆ" ಎಂದ ಜಮೀರ್, ಕರುಣೆಯಿಂದ. "ನನಗ್ಯಾಕ ಜಾಸ್ತಿ ತೋರಸಲಿಲ್ಲ ಸಾಬ್ರ?" ಎಂದು ಚಂದ್ರವ್ವ ಕಿಲಕಿಲನೆ ನಕ್ಕಳು. ವಾಪಸು ಬರುವಾಗ ಆಟೋದಲ್ಲಿ ಅವಳು ಆರಾಮಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು, ಹಿಂದೆಲ್ಲ ಇಬ್ಬರಿಗೂ ಎರಡು ಆಟೋ ಬೇಕಾಗುತ್ತಿತ್ತು.

ನಾಗಲಕ್ಷ್ಮಿಯ ಮಗಳು ಮೋನಿಕಾಳ ನಿಶ್ಚಿತಾರ್ಥ ಹುಣಸಮಾರನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ನಾಗಭೂಷಣ ಬೀಗರಿಗೆ ಚಂದ್ರವ್ವನನ್ನು ತೋರಿಸಿ, "ಇವರೂ ನಮ್ಮನೆಯವಳೂ ಒಂದೇ ದಿನ ಆಪರೇಷನ್ ಮಾಡಿಸ್ಕೊಂಡೋರು. ನೋಡಿ, ಒಬ್ರು ಎಂಗೆ ಮೈ ಉಳಿಸ್ಕೊಂಡವ್ರೆ" ಎಂದ. ಚಂದ್ರವ್ವ ತುಸು ನಾಚಿ, ಊಟಕ್ಕೆ ಕೂತು, ಎರಡು ತುತ್ತು ತಿಂದವಳೇ ಬಾಯಿ ಮುಚ್ಚಿಕೊಂಡು ಎದ್ದಳು.

ಹಳೇ ರೂಢಿಯ ಬಲ ದೊಡ್ಡದು. ನಾಗಲಕ್ಷ್ಮಿ ಬೀಗಿತ್ತಿಯನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಓಡಿ ಬಚ್ಚಲ ಬಾಗಿಲಿಗೆ ನಿಂತಳು. ಒಳಗಿನ ಸದ್ದು ನಿಲ್ಲಲೇ ಇಲ್ಲ. ಕೊನೆಗೆ ಬಾಗಿಲು ತಳ್ಳಿ ನೋಡಿದರೆ ಚಂದ್ರವ್ವ ಗೋಡೆ ಹಿಡಿದು ಕೂತಿದ್ದಳು, ಸೀರೆ ರವಿಕೆಯೆಲ್ಲ ಒದ್ದೆ. ನಾಗಲಕ್ಷ್ಮಿ ಅವಳನ್ನು ಎಬ್ಬಿಸಿ, ಮಂಟಪದಲ್ಲಿ ಮಗಳಿಗೆ ಕೊಟ್ಟಿದ್ದ ಕೋಣೆಗೆ ಕರೆತಂದು, ಚಿಲಕ ಹಾಕಿ ಒದ್ದೆ ಬಟ್ಟೆ ಬಿಚ್ಚಿದಳು. ಆಗ ಕಂಡಿತು. ಹಳೇ ಗುರುತುಗಳು ಬಿಳಿಚಿಕೊಂಡು ಮಾಸಿದ್ದವು. ಅವುಗಳ ಪಕ್ಕದಲ್ಲಿ ಹೊಸವು, ಇನ್ನೂ ಗುಲಾಬಿ ಬಣ್ಣದವು.

"ಏನೇ ಇದು?"

ಚಂದ್ರವ್ವ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ಆಮೇಲೆ ಮುಚ್ಚಿ ಪ್ರಯೋಜನವಿಲ್ಲವೆಂದು ಕೈ ಬಿಟ್ಟಳು. ರಜೆಯಲ್ಲಿ ಅವಳು ತಂಗಿಯ ಮನೆಯಲ್ಲಿರಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಎರಡನೇ ಸಲ ಕೊಯ್ಸಿಕೊಂಡಿದ್ದಳು. ಈ ಸಲ ಜಠರವನ್ನು ಇನ್ನೂ ಸಣ್ಣದು ಮಾಡಿ, ಕರುಳನ್ನೇ ಬೇರೆ ಕಡೆಯಿಂದ ತಂದು ಜೋಡಿಸಿದ್ದರು.

"ನಾನು ಆ ನವಣೆ ಗಂಜಿ ಕುಡಿದು ಕುಡಿದು ಕೆರೆ ಏರಿ ಮೇಲೆ ಬಿದ್ನಲ್ಲೇ" ಎಂದಳು ನಾಗಲಕ್ಷ್ಮಿ. ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು. "ನನಗೊಂದು ಮಾತು ಏಳ್ಬಾರ್ದಿತ್ತಾ?"

"ಹೇಳಿದ್ರ ನೀನೂ ಬರ್ತಿದ್ದಿ."

"ಬಂದ್ರೇನೀಗ?"

ಚಂದ್ರವ್ವ ವಾಂತಿ ಮಾಡಿ ಮಾಡಿ ಸೋತಿದ್ದಳು, ಸುಳ್ಳು ಹೆಣೆಯುವ ತ್ರಾಣ ಇರಲಿಲ್ಲ. "ಒಮ್ಮೆರ ನಾ ಒಬ್ಬಾಕಿನ ಸಣ್ಣ ಆಗಬೇಕು ಅನಿಸಿತವಾ. ಎಲ್ಲಾದಕ್ಕೂ ನಿನ್ನ ಜೋಡಿನ ಯಾಕ ಅನಿಸ್ತು. ನೀ ಬಾಜೂಕ ನಿಂತ್ರ ನಾ ಸಣ್ಣ ಕಾಣ್ತೀನಿ. ಅದು ಬೇಕಾತು."

ನಿಜವನ್ನು ಇಷ್ಟು ಸಲೀಸಾಗಿ ಹೇಳಬಾರದು. ಹೇಳಿದವಳು ಹಗುರಾಗಿ ಕಣ್ಣೊರೆಸಿಕೊಂಡಳು, ಕೇಳಿದವಳ ಮೇಲೆ ಅದು ಕೂತುಬಿಟ್ಟಿತು. ಆಮೇಲೆ ಚಂದ್ರವ್ವ ಅವಳ ಕೈ ಹಿಡಿದು ಬೇಡಿಕೊಂಡಳು. ಸಿದ್ದಲಿಂಗನಿಗೆ ಗೊತ್ತಾಗಬಾರದು, ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದವಳು, ಅವನು ಮತ್ತೆ ಮುಖ ನೋಡುವುದಿಲ್ಲ. ಗೌಹರಳಿಗೂ ಹೇಳಬಾರದು. ವಾಂತಿ ಎಷ್ಟು ದಿನದಿಂದ ಎಂದು ನಾಗಲಕ್ಷ್ಮಿ ಕೇಳಿದಳು.

"ಭಾಳ ದಿನಾತು. ನೀರೂ ನಿಲ್ಲವಲ್ದು. ಈಗೀಗ ನಿನ್ನ ಮಾರಿನೂ ಎರಡೆರಡು ಕಾಣ್ತೈತಿ. ಆಗ್ಲಿ ಬಿಡು, ತೂಕ ಇಳ್ಯಾಕ್ಹತ್ತೈತಲ್ಲ." ಅಷ್ಟು ಸುಸ್ತಿನಲ್ಲೂ ಅವಳ ಮುಖದಲ್ಲಿ ಒಂದು ಹೆಮ್ಮೆ ಇತ್ತು. ದಪ್ಪವಿದ್ದು ಸಣ್ಣಗಾದವರಿಗೆ ಮಾತ್ರ ಬರುವ ಭ್ರಮೆ ಇದು. ಮೈಯಿಂದ ಏನು ಹೊರಗೆ ಹೋದರೂ ಅವರಿಗೆ ಲಾಭವೇ.

ಎರಡೆರಡು ಕಾಣುತ್ತದೆ ಎಂದ ಕೂಡಲೇ ನಾಗಲಕ್ಷ್ಮಿಗೆ ಗೌಹರಳ ಪಾಠ ನೆನಪಾಯಿತು. ಇಷ್ಟು ವರ್ಷ ಕೂಗಿದ್ದು ಎಲ್ಲಿಗೆ ಹೋಗುತ್ತದೆ? ಹೆಬ್ಬಾಳಕ್ಕೆ ಹೋಗೋಣ ಎನ್ನಬೇಕಿತ್ತು. ಅವಳು ಮಗಳ ಪೆಟ್ಟಿಗೆಯಿಂದ ಒಂದು ನೈಟಿ ತೆಗೆದು ಕೊಟ್ಟು, "ಆಯ್ತು, ಯಾರ್ಗೂ ಏಳಲ್ಲ" ಎಂದಳು.

ಎರಡು ವಾರವೂ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಸಿದ್ದಲಿಂಗ ಫೋನ್ ಮಾಡಿದ. "ಆಂಟಿ, ಅವ್ವ ಹಾಸ್ಟೆಲ್ ಮೆಟ್ಟಿಲ ಮೇಲೆ ಬಿದ್ದುಬಿಟ್ಲು. ಅಟ್ಟೂರಿನ ನರ್ಸಿಂಗ್ ಹೋಮಿಗೆ ಕರ್ಕೊಂಡ್ ಬಂದೀನಿ. ಮಾತು ಒಂಥರಾ ತೊದಲ್ತಾಳ. ಲಗೂನ ಬರ್ರಿ." ಏರ್‌ಪೋರ್ಟಿನ ಕಾರ್ಗೋದಲ್ಲಿ ಪಾಳಿ ಮಾಡುವ ಹುಡುಗ, ಯೂನಿಫಾರಂನಲ್ಲೇ ಓಡಿಬಂದಿದ್ದ.

ನಾಗಲಕ್ಷ್ಮಿ ಹೋದಾಗ ಚಂದ್ರವ್ವ ಮಂಚದ ಮೇಲೆ ಮಲಗಿದ್ದಳು. ಕಣ್ಣುಗುಡ್ಡೆಗಳು ನಿಂತಲ್ಲಿ ನಿಲ್ಲದೆ ಅದರುತ್ತಿದ್ದವು. ವಯಸ್ಸಿನ್ನೂ ಚಿಕ್ಕದಾದ ಡ್ಯೂಟಿ ಡಾಕ್ಟರು, ಒಳ್ಳೆಯ ಹುಡುಗನೇ, ನಾಡಿ ಹಿಡಿದು ಬಿ.ಪಿ. ನೋಡಿ, "ತುಂಬಾ ಡೀಹೈಡ್ರೇಟ್ ಆಗಿದ್ದಾರೆ. ಮೊದಲೇನಾದ್ರೂ ಆಪರೇಷನ್ ಆಗಿತ್ತಾ?" ಎಂದು ಕೇಳಿದ.

"ಒಂಬತ್ತು ವರ್ಷದ ಹಿಂದ ಹೊಟ್ಟಿದು ಒಂದಾಗಿತ್ರಿ ಸರ್" ಎಂದ ಸಿದ್ದಲಿಂಗ.

"ಅದು ಹಳೇದಾಯ್ತು" ಎಂದು ಡಾಕ್ಟರು ಚೀಟಿ ಬರೆಯಲು ಬಗ್ಗಿದವನು, ಏನೋ ಅನುಮಾನ ಬಂದವನ ಹಾಗೆ ತಲೆಯೆತ್ತಿ ನಾಗಲಕ್ಷ್ಮಿಯ ಕಡೆ ನೋಡಿದ. "ಮೇಡಂ, ನೀವು ಇವರಿಗೆ ಕ್ಲೋಸ್ ಅಲ್ವಾ? ಇತ್ತೀಚೆಗೆ ಏನಾದ್ರೂ ಟ್ರೀಟ್‌ಮೆಂಟ್, ವಾಂತಿಗೀಂತಿ, ಏನಾದ್ರೂ ಗೊತ್ತಾ?"

ಚಂದ್ರವ್ವನ ಅದುರುವ ಕಣ್ಣುಗಳು ನಾಗಲಕ್ಷ್ಮಿಯನ್ನು ಹುಡುಕಿದವು. ಹೇಳು ಎನ್ನುತ್ತಿದ್ದವೋ ಬೇಡ ಎನ್ನುತ್ತಿದ್ದವೋ, ಯಾರಿಗೆ ಗೊತ್ತು. ನರ್ಸು ಬಾಟಲಿಯ ಮೂತಿ ಬಿಚ್ಚುತ್ತಿದ್ದಳು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು ನಾಗಲಕ್ಷ್ಮಿಗೆ ಓದಲು ಬರುತ್ತಿತ್ತು.

"ಇಲ್ಲ ಡಾಕ್ಟ್ರೇ" ಎಂದಳು ಅವಳು. "ನವಣೆ ಗಂಜಿ ಕುಡೀತಿದ್ಲು. ದಿನಾ ವಾಕಿಂಗ್ ಮಾಡ್ತಿದ್ಲು. ಅಷ್ಟೇಯ."

ಕೊಟ್ಟ ಮಾತು ಉಳಿಸಿಕೊಂಡೆ ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡದ್ದುಂಟು. ಸುಳ್ಳು. ಎರಡನೇ ಆಪರೇಷನ್ನಿನ ಸುದ್ದಿ ಎತ್ತದೆಯೂ, ಯಾರ ಆಣೆಯನ್ನೂ ಮುರಿಯದೆಯೂ, ವಾಂತಿಯಿತ್ತು, ಮೊದಲು ಬಿ-ಒನ್ ಹಾಕಿ ಎಂದು ಅವಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆ ಹೊತ್ತಿಗೆ ಅವಳಿಗೆ ಕೇಳಿಸಿದ್ದು ಸಭೆಗೆ ಸಭೆಯೇ ನಕ್ಕ ನಗು. ನಾಲಿಗೆ ಕೊಯ್ಸಿಕೊಳ್ಳುವುದನ್ನು ಮರೆತವಳು ಅಂದೆಯಲ್ಲ, ಕೊಯ್ಸಿಕೊಂಡವಳ ಹಾಗೆಯೇ ಇರುತ್ತೇನೆ ನೋಡು ಎಂದುಕೊಂಡಳು. ಮನುಷ್ಯರು ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡದನ್ನು ಮಾಡುತ್ತಾರೆಯೇ ಎಂದರೆ, ಮಾಡುತ್ತಾರೆ. ಗ್ಲೂಕೋಸಿನ ಹನಿಗಳು ಇಳಿಯತೊಡಗಿದವು. ಮೋನಿಕಾಳ ರವಿಕೆಯ ಅಳತೆ ಕೊಡಬೇಕಿತ್ತು, ಟೈಲರ್ ಕಾಯುತ್ತಾನೆಂದು ನಾಗಲಕ್ಷ್ಮಿ ಎದ್ದು ಹೊರಟಳು.

ಸಂಜೆಯ ಹೊತ್ತಿಗೆ ಚಂದ್ರವ್ವ ಮಗನನ್ನು ಗಂಡನ ಹೆಸರಿನಿಂದ ಕರೆಯತೊಡಗಿದಳು. ಮರುದಿನ ಬೆಳಿಗ್ಗೆ ಕಣ್ಣು ಒಂದೇ ಕಡೆ ನೆಟ್ಟುಬಿಟ್ಟಿತು. ಆಂಬುಲೆನ್ಸಿನಲ್ಲಿ ಹೆಬ್ಬಾಳಕ್ಕೆ ಸಾಗಿಸಿದರು. ಅಲ್ಲಿಯ ಡಾಕ್ಟರು ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದ ಕೂಡಲೇ ಹೊಸ ಗುರುತುಗಳನ್ನು ಕಂಡು ಸಿದ್ದಲಿಂಗನ ಮುಖ ನೋಡಿದರು. ಬಾಟಲಿಗಟ್ಟಲೆ ಬಿ-ಒನ್ ಹರಿಸಿದರು. ಜೀವ ಉಳಿಯಿತು. ವಾಕರ್ ಹಿಡಿದು ನಡೆಯುವಷ್ಟು ಕಾಲೂ ಬಂತು. ನೆನಪು ಬರಲಿಲ್ಲ. ಇತ್ತೀಚಿನ ವರ್ಷಗಳು ಅಳಿಸಿಹೋಗಿದ್ದವು, ಹೊಸದಾಗಿ ಏನು ನಡೆದರೂ ಒಂದು ಗಳಿಗೆಯ ಮೇಲೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಇದು ಇಷ್ಟೇ, ಇನ್ನು ಸರಿಹೋಗುವುದು ಕಷ್ಟ ಎಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಗೌಹರ್ ನಾಗಲಕ್ಷ್ಮಿಯ ಮುಂಗೈ ಹಿಡಿದು ನಿಲ್ಲಿಸಿದಳು. "ನೀವು ಅಲ್ಲಿದ್ರಂತೆ?"

"ನಾನು ಓಗೋ ಅಷ್ಟ್ರಲ್ಲಿ ಬಾಟ್ಲಿ ಆಕ್ಬಿಟ್ಟಿದ್ರು ಮೇಡಂ."

ಗೌಹರ್ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೈ ಬಿಟ್ಟಳು. ಕಾರಿಡಾರಿನ ಆ ತುದಿಯ ಬೆಂಚಿನ ಮೇಲೆ ಕೂತಿದ್ದ ಸಿದ್ದಲಿಂಗ, ಅವಳು ಹತ್ತಿರ ಹೋದಾಗ, "ನನ್ನ ತಲಿ ಮ್ಯಾಲ ಕೈ ಇಟ್ಟಾಕಿ ಹಿಂಗ ಮಾಡಿದ್ಲು. ನಿಮಗಾದ್ರೂ ಹೇಳಿದ್ಲೇನ್ರಿ ಆಂಟಿ?" ಎಂದು ಕೇಳಿದ. "ಇಲ್ಲಪ್ಪ" ಎಂದಳು ನಾಗಲಕ್ಷ್ಮಿ. ಅವನು ಅವಳ ಹೆಗಲಿಗೆ ಹಣೆ ಆನಿಸಿ ಅತ್ತ. ಅವ್ವನ ಮೇಲಿನ ಸಿಟ್ಟಿಗೂ ದುಃಖಕ್ಕೂ ಅವನಿಗೆ ಬೇರೆ ಹೆಗಲು ಇರಲಿಲ್ಲ.

ಈಗ ನಾಗಲಕ್ಷ್ಮಿ ದಿನಾ ಚಂದ್ರವ್ವನ ಬಾಡಿಗೆ ಮನೆಗೆ ಹೋಗುತ್ತಾಳೆ. ಸಿದ್ದಲಿಂಗ ಕೆಲಸಕ್ಕೆ ಹೋದಾಗ ಯಾರಾದರೂ ಇರಬೇಕು, "ಅವ್ವಗ ನೀವೊಬ್ರ ನೆನಪದೀರಿ ಆಂಟಿ" ಎಂದು ಅವನೇ ಕೇಳಿಕೊಂಡ. ನೆನಪಿರುವುದು ಹೌದು. ಆದರೆ ಚಂದ್ರವ್ವನ ತಲೆಯಲ್ಲಿ ಇರುವುದು ಐದಾರು ವರ್ಷದ ಹಿಂದಿನ ನಾಗಲಕ್ಷ್ಮಿ, ತೆಳ್ಳಗಾಗಿ, ಕುಪ್ಪಸ ಸಡಿಲವಾಗಿ ಓಡಾಡುತ್ತಿದ್ದವಳು. ಹಾಗಾಗಿ ಪ್ರತಿ ದಿನ ಬಾಗಿಲು ತೆರೆದ ಕೂಡಲೇ ಅವಳು ಹೌಹಾರುತ್ತಾಳೆ. "ಅಯ್ಯ ಶಿವನ! ಲಕ್ಷ್ಮೀ? ಏನವಾ ಇದು, ಹಿಂಗ್ಯಾಕ ಊದಿದಿ? ನಿನ್ನೆರ ಛಲೋ ಇದ್ದೆಲ್ಲ!" ಎದೆ ಬಡಿದುಕೊಂಡು ಕರೆದು ಕೂರಿಸಿ, ಕೈ ಕಾಲು ಮುಟ್ಟಿ ನೋಡುತ್ತಾಳೆ. ನಾಗಲಕ್ಷ್ಮಿ ಅಡುಗೆಮನೆಗೆ ಹೋಗಿ ಬಂದರೆ ಮತ್ತೆ ಮೊದಲಿನಿಂದ ಹೌಹಾರುತ್ತಾಳೆ. ಗಂಡ, ಅತ್ತೆ, ಬೀಗರು ಎಲ್ಲರೂ ನೋಡಿ ನೋಡಿ ಬಿಟ್ಟ ಅವಳ ದಪ್ಪವನ್ನು ಈ ಒಂದು ಜೋಡಿ ಕಣ್ಣು ಮಾತ್ರ ದಿನಕ್ಕೆ ಎಷ್ಟೋ ಸಲ ಹೊಸದಾಗಿ ನೋಡುತ್ತದೆ. ಅದಕ್ಕಿಂತ ಹಿಂಸೆಯೆಂದರೆ ಆ ಕಣ್ಣಲ್ಲಿ ಹಂಗಿಸುವಿಕೆ ಇಲ್ಲ. ಒಬ್ಬಳೇ ಸಣ್ಣಗಾಗಬೇಕೆಂದು ಹೊರಟ ಚಂದ್ರವ್ವ ಅಳಿಸಿಹೋಗಿ, ಬಾಗಿಲಿಗೆ ಅಡ್ಡ ನಿಂತು ಸುಳ್ಳು ಹೇಳುತ್ತಿದ್ದ ಚಂದ್ರವ್ವ ಉಳಿದುಕೊಂಡಿದ್ದಳು.

ಅದನ್ನು ತಾಳಲಾರದೆ ನಾಗಲಕ್ಷ್ಮಿ ಒಂದು ದಿನ ಎಲ್ಲ ಹೇಳಿಬಿಟ್ಟಳು. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಹುಬ್ಬಳ್ಳಿಯ ಆಪರೇಷನ್ನು, ವಾಂತಿ, ನರ್ಸಿಂಗ್ ಹೋಮು, ಡಾಕ್ಟರು ಕೇಳಿದ್ದು, ತಾನು ಹೇಳಿದ್ದು. "ನನಗೆ ಗೊತ್ತಿತ್ತು ಕಣೆ ಚಂದ್ರಿ. ಬಾಟ್ಲಿ ನೋಡ್ತಾ ಇದ್ದೆ. ಬೇಕಂತಲೇ ಏಳ್ಲಿಲ್ಲ."

ಚಂದ್ರವ್ವ ಅಷ್ಟೂ ಕೇಳಿದಳು. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ, ನೆನಪಿಗೆ ಆಗಿತ್ತು, ಕೇಳಿದ್ದು ಅರ್ಥವಾಗುತ್ತಿತ್ತು. ಮುಖ ನಿಧಾನವಾಗಿ ಬಿಳಿಚಿತು.

"ಯಾಕ ಹೇಳಲಿಲ್ಲ?"

"ನೀನು ನನ್ನ ಬಿಟ್ಟು ಓದೆ ಅಂತ."

ಚಂದ್ರವ್ವ ತನ್ನ ಕೈಯನ್ನು ಎಳೆದುಕೊಂಡಳು. ವಾಕರನ್ನೂ ಕಾಲನ್ನೂ ಮಂಚವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರದ ದನಿಯ ಚೀತ್ಕಾರ ಬಂತು. "ಹೊರಗ ನಡಿ! ರಂಡೇ, ನನ್ನ ಕಣ್ಣಿಗೆ ಕಾಣಬ್ಯಾಡ, ನಡಿ ಹೊರಗ!" ನೀರಿನ ಲೋಟ ಎಸೆದಳು. ಅದು ನಾಗಲಕ್ಷ್ಮಿಯ ಭುಜಕ್ಕೆ ಬಡಿದು ಕೆಳಗೆ ಬಿತ್ತು.

ನಾಗಲಕ್ಷ್ಮಿ ಒದ್ದೆ ಸೆರಗಿನಲ್ಲೇ ಹೊರಗೆ ಬಂದಳು. ಒಳಗೆ ಒಂದು ಬಗೆಯ ನೆಮ್ಮದಿ. ಬೈದಳು, ಹೊಡೆದಳು, ಹೊರಗೆ ಹಾಕಿದಳು. ಆಯಿತು, ಇನ್ನು ಇವಳು ನನ್ನನ್ನು ಒಳಗೆ ಬಿಡುವುದಿಲ್ಲ, ನಾನೂ ಬರಬೇಕಾಗಿಲ್ಲ ಎಂದುಕೊಂಡಳು. ಕಣ್ಣೀರು ಒರೆಸುತ್ತಾ ಕಟ್ಟೆಯ ಮೇಲೆ ಕೂತು, ಊದಿದ ಮಂಡಿ ಬಗ್ಗಿಸಲಾಗದೆ, ಚಪ್ಪಲಿಯ ಬೆಲ್ಟು ಸಿಕ್ಕಿಸಿಕೊಳ್ಳಲು ಹೆಣಗಿದಳು.

ಹಿಂದೆ ವಾಕರಿನ ಸದ್ದಾಯಿತು. ಚಂದ್ರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಲಕ್ಷ್ಮೀ? ಯಾವಾಗ ಬಂದಿ? ಹೊರಗ್ಯಾಕ ಕುಂತಿ?" ಕಣ್ಣರಳಿಸಿ ಅವಳ ಮೈಯನ್ನು ಅಡಿಯಿಂದ ಮುಡಿಯತನಕ ನೋಡಿದಳು. "ಅಯ್ಯ ನನ್ನ ತಾಯಿ, ಎಷ್ಟು ಊದೀಯವಾ! ಅಳಾಕ್ಹತ್ತೀಯೇನ? ಸೆರಗೆಲ್ಲ ತೊಯ್ಸಿಕೊಂಡಿ." ಒಂದು ಕೈಯಿಂದ ವಾಕರ್ ಹಿಡಿದು, ಇನ್ನೊಂದು ಕೈಯಿಂದ ಅವಳ ತಲೆ ಸವರಿದಳು. "ಯಾರು ಏನಂದ್ರು ನಿನಗ? ಹೆಸರು ಹೇಳು. ಯಾರಾದ್ರೂ ಆಗ್ಲಿ, ನಾ ಹೋಗಿ ಕೇಳ್ತೀನಿ."

"ಯಾರೂ ಇಲ್ಲ ಕಣೆ" ಎಂದಳು ನಾಗಲಕ್ಷ್ಮಿ.

"ಸುಳ್ಳು ಹೇಳಬ್ಯಾಡ. ಹೇಳು."

ನಾಗಲಕ್ಷ್ಮಿ ಹೇಳಲಿಲ್ಲ. ಚಂದ್ರವ್ವ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು.